ಮುದಿ ಅಂಬಾಸಿಡರಿನ ಹೊಸ ಬ್ರೇಕು

ಜನವರಿ ೯, ಶುಕ್ರವಾರ. ನಿದ್ದೆ ಹತ್ತಿರ ಸುಳಿಯುತ್ತಿಲ್ಲ.

ಮೊಮ್ಮಗ ಜಹೀರ್ ನಮ್ಮ ಮುದಿ ಅಂಬಾಸಿಡರಿಗೆ ಈಚಿನ ಮಾಡೆಲ್ ಗಾಡಿಯ ಡಿಸ್ಕ್ ಬ್ರೇಕ್ ಕೂರಿಸಿದ್ದಾನೆ. ನಾಳೆ ಬಸುರಿ ಹೆಂಡತಿ ಅಫ್ಸಾನಾಳನ್ನು ಅದರಲ್ಲೇ ಘಟ್ಟ ಇಳಿಸಿ ಕುಮಟೆಯ ತವರಿಗೆ ಬಿಡುತ್ತಾನಂತೆ. ಹಳೇ ಬ್ರೇಕು ಮೂರು ಸಲ ಒದ್ದರೆ ಹಿಡಿಯುತ್ತಿತ್ತು, ಇದು ಮುಟ್ಟಿದರೆ ಸಾಕು. ಇವತ್ತು ಪೇಟೆಯಲ್ಲಿ ನಾಯಿ ಅಡ್ಡ ಬಂದಾಗ ಹಳೇ ರೂಢಿಯಲ್ಲೇ ಒದ್ದ. ನನ್ನ ಹಣೆ ಮುಂದಿನ ಗಾಜಿಗೆ ಬಡಿಯಿತು.

"ಹ್ಯಾಂಗೈತಿ ದಾದಿ, ಬ್ರೇಕು?" ಅಂತ ಹಲ್ಲು ಕಿರಿದ.

"ಬ್ರೇಕು ಚಲೋ ಐತಿ. ನಿನ್ನ ಕಾಲನ್ನ ಯಾವ ಗ್ಯಾರೇಜಿಗೆ ಹಾಕೂದೋ?" ಅಂದೆ.

ಘಟ್ಟದ ತಿರುವಿನಲ್ಲಿ ಹಾಗೆ ಒದ್ದರೆ ಆ ಹೊಟ್ಟೆಯ ಗತಿ? ಬೆಳಗಾಗಲಿ. ನಾನೇ ಅವನ ಪಕ್ಕ ತೊಡೆ ಮೇಲೆ ನೀರು ತುಂಬಿದ ಕೊಡ ಇಟ್ಟುಕೊಂಡು ಕೂತು, ಹತ್ತಿರದ ಎಕ್ಕಂಬಿಯವರೆಗೆ ಓಡಿಸು ಅನ್ನುತ್ತೇನೆ. ನನ್ನ ಸೀರೆಗೆ ಒಂದು ಹನಿ ಚೆಲ್ಲಿದರೂ ಅಫ್ಸಾನಾ ಬಸ್ಸಿಗೆ.