ಚಿಲಕವಿದ್ದ ಒಂದು ಕೋಣೆ ಕಳೆದುಹೋಗಿದೆ

ನೌಕರರ ಉಲ್ಲಾಸ ಘಟಕದ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಕಚೇರಿಗೆ ನೀವು ಒಂದು ಆಟದ ಕೋಣೆ ಕೊಟ್ಟಿದ್ದೀರಿ. ಬದಲಿಗೆ ನನ್ನ ಐದು ತಿಂಗಳ ಮಗಳ ಮಧ್ಯಾಹ್ನದ ಹಾಲನ್ನು ತೆಗೆದುಕೊಂಡಿದ್ದೀರಿ. ಈ ವಿನಿಮಯ ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸುವ ಸಡಗರದಲ್ಲಿ ಬಾಗಿಲಿನ ಒಳಬದಿಯಲ್ಲಿ ಏನಿತ್ತೆಂದು ನೋಡುವ ಪುರುಸೊತ್ತು ಯಾರಿಗಿರುತ್ತದೆ? ಅಲ್ಲೊಂದು ಚಿಲಕವಿತ್ತು. ‘ಉಲ್ಲಾಸಕ್ಕೆ ಬಾಗಿಲು ಹಾಕದಿರಿ’ ಎಂಬ ತಮ್ಮ ಘೋಷವಾಕ್ಯದ ಗೌರವಾರ್ಥ ಅದನ್ನು ಬಿಚ್ಚಿ ಬಿಸಾಡಲಾಗಿದೆ. ಈಗ ಉಳಿದಿರುವುದು ನಾಲ್ಕು ಸ್ಕ್ರೂ ತೂತುಗಳು.

ಊರಿಗೆಲ್ಲ ಕೇಳುವಂತೆ ಬರೆಯುತ್ತಿರುವುದಕ್ಕೆ ಮನ್ನಿಸಬೇಕು. ಮೂರು ಸಲ ಗುಟ್ಟಾಗಿಯೇ ಬರೆದಿದ್ದೆ. ಮೂರು ಸಲವೂ ನಿಮ್ಮ ಘಟಕದಿಂದ ಒಂದೇ ಉತ್ತರ ಬಂತು: ನಗುವ ಹಳದಿ ಮುಖದ ಒಂದು ಚಿತ್ರ. ಅದನ್ನು ಮಂಜೂರಾತಿ ಎಂದು ತಿಳಿಯಬೇಕೋ ತಿರಸ್ಕಾರ ಎಂದು ತಿಳಿಯಬೇಕೋ, ಬಿ.ಎ. ಓದಿದ ನನಗಂತೂ ಹೊಳೆಯಲಿಲ್ಲ.

ಈ ಪತ್ರ ಓದುವ ಹೊರಗಿನವರಿಗಾಗಿ ಒಂದು ಮಾತು. ಬಸ್ಸು, ರೈಲುಗಳಲ್ಲಿ ಜನ ಮರೆತು ಹೋದ ಸಾಮಾನುಗಳೆಲ್ಲ ಬಂದು ಸೇರುವ ನೆಲಮಾಳಿಗೆಯ ಕಚೇರಿ ನಮ್ಮದು. ಛತ್ರಿ, ಕನ್ನಡಕ, ಒಂಟಿ ಚಪ್ಪಲಿ, ಒಮ್ಮೆ ಇಡೀ ಹಲ್ಲಿನ ಸೆಟ್ಟು. ಬಂದ ಪ್ರತಿ ವಸ್ತುವಿಗೂ ಕೆಂಪು ಚೀಟಿ ಕಟ್ಟುತ್ತೇವೆ. ಏನದು, ಎಲ್ಲಿ ಸಿಕ್ಕಿತು, ವಾರಸುದಾರರು ಯಾರು ಎಂದು ಅದರಲ್ಲಿ ಬರೆಯುತ್ತೇವೆ. ಒಮ್ಮೆ ಚೀಟಿ ಬಿತ್ತೆಂದರೆ ಮುಗಿಯಿತು. ಅರ್ಜಿ ತುಂಬಿ ಪುರಾವೆ ತೋರಿಸದೆ ಆ ವಸ್ತು ಹೊಸ್ತಿಲು ದಾಟುವುದಿಲ್ಲ. ತೊಂಬತ್ತು ದಿನದಲ್ಲಿ ಕೇಳುವವರು ಬಾರದಿದ್ದರೆ ವಿಲೇವಾರಿ.

ಇನ್ನು ವಿಷಯಕ್ಕೆ ಬರುತ್ತೇನೆ. ಕೆಲಸದ ಜಾಗದಲ್ಲಿ ಆಟ, ನಗು ಬೇಕೇ ಎಂದು ತಾವು ನಮಗೆ ಹಂಚಿದ ಪ್ರಶ್ನಾವಳಿಯಲ್ಲಿ ‘ಹೌದು’, ‘ತುಂಬಾ ಹೌದು’ ಎಂಬ ಎರಡೇ ಉತ್ತರಗಳಿದ್ದವು. ನಾನು ‘ತುಂಬಾ ಹೌದು’ ಎಂದೇ ಗುರುತು ಹಾಕಿದೆ, ಮನಸಾರೆ. ಏಕೆಂದರೆ ನಮ್ಮಲ್ಲಿ ಆಗಲೇ ಒಂದು ಆಟವಿತ್ತು. ನಮ್ಮ ಉಗ್ರಾಣದ ಹಿರಿಯರನ್ನು ನಾವು ಛತ್ರಿ ಮಾವ ಎನ್ನುತ್ತೇವೆ. ಹೊಸ ಚೀಲ ಬಂದರೆ ಅವರು ಅದನ್ನು ಬಿಚ್ಚದೆ ಮೇಜಿನ ಮೇಲಿಡುತ್ತಿದ್ದರು. ಯಾರ ಚೀಲವೆಂದು ಹೊರಗಿನಿಂದಲೇ ಹೇಳಬೇಕು, ಸೋತವರು ಚಹಾ ಮಾಡಬೇಕು.

“ಇದು ಗಂಡಸಿಂದು. ನೋಡಿ, ಎಷ್ಟು ಕೊಳೆ!” ಎಂದು ಒಮ್ಮೆ ಕೌಂಟರಿನ ಟೋಕನ್ ಅಕ್ಕ ತೀರ್ಪು ಕೊಟ್ಟರು.

“ನಿಂಗೆ ಕೊಳೆ ಕಾಣ್ತು, ಪಿನ್ನು ಕಾಣ್ಲಿಲ್ಲ. ಜಿಪ್ಪು ಕಿತ್ತುಹೋದ್ರೆ ಗಂಡಸು ಚೀಲ ಎಸೀತಾನೆ ಕಣಮ್ಮ. ಇದಕ್ಕೆ ಸಾಲಾಗಿ ಪಿನ್ನು ಚುಚ್ಚಿದಾರೆ. ಅದೂ ಮೊನೆ ಹೊರಗೆ ಬರದ ಹಾಗೆ. ಮಡಿಲಲ್ಲಿ ಮಗು ಇರೋಳು ಇವಳು” ಎಂದರು ಛತ್ರಿ ಮಾವ.

ಬಿಚ್ಚಿದರೆ ಒಳಗೆ ಗಿಲಕಿ, ಎರಡು ಪುಟ್ಟ ಟೊಪ್ಪಿಗೆ! ಟೋಕನ್ ಅಕ್ಕ ಗೊಣಗುತ್ತಾ ಚಹಾದ ಪಾತ್ರೆ ಒಲೆಯ ಮೇಲಿಟ್ಟರು. ಆ ಊಹೆಯ ಎಳೆ ಹಿಡಿದೇ ನಾವು ಎಷ್ಟೋ ವಾರಸುದಾರರನ್ನು ಹುಡುಕಿದ್ದೇವೆ. ನಕ್ಕಿದ್ದೂ ಆಯಿತು, ಕೆಲಸವೂ ಆಯಿತು. ತಮ್ಮ ಘಟಕ ಬಂದ ಮೊದಲ ವಾರದಲ್ಲೇ ಅದನ್ನು ‘ಅನುಮತಿಯಿಲ್ಲದ ಮನರಂಜನೆ’ ಎಂದು ಸುತ್ತೋಲೆ ಹೊರಡಿಸಿ ನಿಲ್ಲಿಸಿತು. ಅನುಮತಿಯುಳ್ಳ ಮನರಂಜನೆ ಮಂಗಳವಾರ ಮತ್ತು ಶುಕ್ರವಾರ, ಹನ್ನೆರಡರಿಂದ ಒಂದು. ಹಾಜರಿ ಕಡ್ಡಾಯ. ನಗದವರ ಹೆಸರು ಫಲಕದ ಮೇಲೆ. ಸ್ವಾಮಿ, ಕಚಗುಳಿಯನ್ನೂ ವೇಳಾಪಟ್ಟಿಯ ಪ್ರಕಾರ ಇಡುವ ಈ ಶಿಸ್ತನ್ನು ತಾವು ಎಲ್ಲಿ ಕಲಿತಿರಿ?

ಆ ‘ನಗು ಫಲಕ’ದಲ್ಲಿ ನನ್ನ ಹೆಸರಿನ ಮುಂದೆ ಇದುವರೆಗೆ ಒಂದು ಹಳದಿ ಮುಖವೂ ಬಿದ್ದಿಲ್ಲ. ‘ಉಲ್ಲಾಸದಲ್ಲಿ ಸುಧಾರಣೆ ಅಗತ್ಯ’ ಎಂದು ಷರಾ ಇದೆ. ಒಪ್ಪಿದೆ. ಒಟ್ಟಿಗೆ ಒಂದೂಕಾಲು ಗಂಟೆಗಿಂತ ಹೆಚ್ಚು ನಿದ್ದೆ ಕಂಡು ನನಗೆ ಐದು ತಿಂಗಳಾಯಿತು. ಮೊನ್ನೆ ಗ್ರಾಹಕರೊಬ್ಬರ ಛತ್ರಿಗೆ ಕಟ್ಟಬೇಕಾದ ಚೀಟಿಯನ್ನು ನನ್ನ ಬೆರಳಿಗೇ ಕಟ್ಟಿಕೊಂಡಿದ್ದೆ. ಮನೆಗೆ ದಿನಕ್ಕೆ ಮೂರು ಸಲ ಫೋನ್ ಮಾಡಿ “ಅತ್ತೆ, ಮಗು ಉಸಿರಾಡ್ತಿದಾಳಾ?” ಎಂದು ಕೇಳುತ್ತೇನೆ. “ಇಲ್ಲಮ್ಮ, ಇವತ್ತು ಅದಕ್ಕೆ ರಜಾ ಹಾಕಿದಾಳೆ” ಎನ್ನುತ್ತಾರೆ ಅತ್ತೆ. ನನ್ನ ದಿನದ ನಗು ಅದೊಂದೇ. ಅದಕ್ಕೆ ಅಂಕ ಕೊಡಲು ಫಲಕದಲ್ಲಿ ಕಾಲಂ ಇಲ್ಲ.

ಹೆರಿಗೆ ರಜೆ ಮುಗಿಸಿ ಬಂದಾಗ ಉಗ್ರಾಣದ ಹಿಂದಿನ ಸಣ್ಣ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಎಂಟಡಿ ಉದ್ದ, ಆರಡಿ ಅಗಲ. ಒಂದು ಕುರ್ಚಿ, ಒಂದು ಪುಟ್ಟ ಫ್ರಿಜ್, ಆ ಚಿಲಕ. ಮಧ್ಯಾಹ್ನ ಇಪ್ಪತ್ತು ನಿಮಿಷ ಅಲ್ಲಿ ಕೂತು ಹಾಲು ತೆಗೆದಿಟ್ಟರೆ ಮರುದಿನ ಅತ್ತೆ ಅದನ್ನು ಮಗಳಿಗೆ ಕುಡಿಸುತ್ತಿದ್ದರು. ಈಗ ಅಲ್ಲಿ ಉಯ್ಯಾಲೆ ತೂಗುತ್ತಿದೆ, ಮೂಲೆಯಲ್ಲಿ ಬಣ್ಣದ ಚೆಂಡುಗಳ ರಾಶಿಯಿದೆ. ಫ್ರಿಜ್ ಓಣಿಯಲ್ಲಿದೆ. ನಾನು ಛತ್ರಿಗಳ ಎರಡು ಕಪಾಟಿನ ನಡುವೆ, ಯಾರೋ ಮರೆತುಹೋದ ಎರಡು ಮಳೆಕೋಟುಗಳ ಮರೆಯಲ್ಲಿ ಕೂರುತ್ತೇನೆ. ಟೋಕನ್ ಅಕ್ಕ ಕಾವಲು. ಯಾರದೋ ಹೆಜ್ಜೆ ಸಪ್ಪಳವಾದರೆ ಅವರು ಕೆಮ್ಮುತ್ತಾರೆ, ನನ್ನ ಹಾಲು ನಿಲ್ಲುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಕಟ್ಟಿದವರಿಗೆ, ಬೆಕ್ಕು ಇಲಿಯ ಬಿಲದಲ್ಲೇ ಉಯ್ಯಾಲೆ ಕಟ್ಟೀತು ಎಂದು ಹೊಳೆದಿರಲಿಲ್ಲ.

ಹೀಗೇ ಹೋದರೆ ಹಾಲು ಬತ್ತಿಹೋಗುತ್ತದೆ ಎಂದಿದ್ದಾರೆ ಡಾಕ್ಟರಮ್ಮ. ಈ ದೇಹವೂ ನಮ್ಮ ಕಚೇರಿಯ ಹಾಗೆಯೇ ಅಂತೆ: ಕೇಳುವವರು ಬಾರದಿದ್ದರೆ ವಿಲೇವಾರಿ. ಸೀಸೆಯಲ್ಲಿ ಹಾಲಿನ ಗೆರೆ ಮೂರು ವಾರದಲ್ಲಿ ಎರಡು ಬೆರಳು ಕೆಳಗಿಳಿದಿದೆ. ನಾನು ಆ ಗೆರೆಯನ್ನು ಬೆಳಕಿಗೆ ಹಿಡಿದು ನೋಡುವಷ್ಟು ಸಲ ತಾವು ತಮ್ಮ ಉಲ್ಲಾಸ ಸೂಚ್ಯಂಕವನ್ನೂ ನೋಡಿರಲಾರಿರಿ.

ಆಮೇಲೆ ಬಂತು ಕಳೆದ ಶುಕ್ರವಾರದ ‘ನಿಧಿ ಶೋಧ’. ಕಳೆದುಹೋದ ಸಾಮಾನುಗಳ ಕಚೇರಿಯಲ್ಲಿ ನಿಧಿ ಶೋಧ! ಮೀನುಗಳಿಗೆ ಈಜು ಕಲಿಸುವ ಶಿಬಿರ ಇದಕ್ಕಿಂತ ವಾಸಿ. ಕಟ್ಟಡದಲ್ಲಿ ವಾರಸುದಾರರಿಲ್ಲದ ವಸ್ತು ಹುಡುಕಿ ಕೆಂಪು ಚೀಟಿ ಕಟ್ಟಬೇಕು, ಚೀಟಿಗೊಂದು ನಕ್ಷತ್ರ, ಕಡಿಮೆ ಬಂದವರು ವೇದಿಕೆಯ ಮೇಲೆ ಕಪ್ಪೆಯ ಹಾಗೆ ಕುಪ್ಪಳಿಸಬೇಕು. ನಿಮ್ಮ ಸಂಘಟಕರು ಸೀಟಿ ಊದಿದರು. ಅರವತ್ತರ ಅಂಚಿನ, ಮಂಡಿ ನೋವಿನ ಛತ್ರಿ ಮಾವ ಕುಪ್ಪಳಿಸುವ ಭಯಕ್ಕೆ ಓಡಿದರು. ಬೆಂಕಿ ಆರಿಸುವ ಮರಳಿನ ಬಕೆಟ್ಟಿಗೆ ಕಟ್ಟಿದರು, ಕಾವಲುಗಾರರ ಟೊಪ್ಪಿಗೆಗೆ ಕಟ್ಟಿದರು, ಓಣಿಯ ಫ್ರಿಜ್ ತೆಗೆದು ಒಳಗಿದ್ದ ಸಣ್ಣ ಸೀಸೆಗೂ ಕಟ್ಟಿದರು. ಸೀಸೆಗೆ ಅಂಟಿಸಿದ್ದ ನನ್ನ ಹೆಸರಿನ ಕಾಗದ ತೇವಕ್ಕೆ ಕಳಚಿ ಕೆಳಗೆ ಬಿದ್ದಿತ್ತು. ಚೀಟಿಯಲ್ಲಿ ಹೀಗಿತ್ತು: ‘ವಸ್ತು: ಬಿಳಿ ದ್ರವ. ಸಿಕ್ಕಿದ್ದು: ಫ್ರಿಜ್. ವಾರಸುದಾರರು: ತಿಳಿದಿಲ್ಲ.’

ಜಿಪ್ಪಿನ ಪಿನ್ನು ನೋಡಿ ತಾಯಿಯನ್ನು ಗುರುತಿಸಿದವರು ಬರೆದದ್ದು ಇದು. ಒಂದು ಕ್ಷಣ ನಿಂತು ನೋಡಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲವೇ? ಆದರೆ ನಿಂತು ನೋಡುವವರಿಗೆ ತಮ್ಮ ಆಟದಲ್ಲಿ ನಕ್ಷತ್ರವಿಲ್ಲ.

ಸೀಸೆ ಬಹುಮಾನದ ಕಪಾಟಿನೊಳಗೆ ಬೀಗದಲ್ಲಿತ್ತು. ಕೇಳಲು ಹೋದೆ.

“ರೂಲ್ಸ್ ಅಂದ್ರೆ ರೂಲ್ಸ್ ಮೇಡಂ. ಫಾರಂ ತುಂಬಿ. ನಿಮ್ಮದೇ ಅನ್ನೋಕೆ ಪ್ರೂಫ್ ಏನಿದೆ?” ಎಂದರು ನಗುನಗುತ್ತಾ ನಿಮ್ಮ ಸಂಘಟಕರು.

ಸೀಸೆಯಲ್ಲಿದ್ದುದು ಬೆಳಿಗ್ಗೆ ಬಂದ ಕೂಡಲೇ ತೆಗೆದಿಟ್ಟ ಹಾಲು. ಆ ದಿನ ಮಧ್ಯಾಹ್ನ ಆಟದ ಹಾಜರಿಗಾಗಿ ನಾನು ಮಳೆಕೋಟಿನ ಮರೆಗೂ ಹೋಗಿರಲಿಲ್ಲ. ಪುರಾವೆ ನನ್ನ ಅಂಗಿಯ ಮೇಲೆ ಎರಡು ಒದ್ದೆ ಕಲೆಗಳಾಗಿ ಮೂಡುತ್ತಿತ್ತು. ಫೈಲನ್ನು ಎದೆಗವುಚಿಕೊಂಡು ನಿಂತೆ.

“ಅಯ್ಯೋ, ಸ್ವಲ್ಪ ಸ್ಪೋರ್ಟಿವ್ ಆಗಿ ತಗೊಳ್ಳಿ ಮೇಡಂ. ಮೂರು ಗಂಟೆಗೆ ಪ್ರೈಜ್ ಕೊಟ್ಟಾದ ಮೇಲೆ ಕೊಡ್ತೀವಿ.”

ಕೊಟ್ಟರು. ಎರಡೂವರೆ ಗಂಟೆ ಸೆಕೆಯಲ್ಲಿ ಬೆಂದ ಮೇಲೆ, ‘ಅತಿ ವಿಚಿತ್ರ ವಸ್ತು’ ಎಂಬ ಬಹುಮಾನದ ಜೊತೆಗೆ, ಚಪ್ಪಾಳೆಯ ನಡುವೆ. ಸಿಂಕಿನಲ್ಲಿ ನಾನೇ ಸುರಿದೆ. ಬಹುಮಾನ ಒಂದು ಹಳದಿ ಬಲೂನು. ಮನೆಯಲ್ಲಿ ಅತ್ತೆ ಸೀಸೆಗೆ ಕೈ ಚಾಚಿದಾಗ ಬಲೂನನ್ನೇ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. “ಇದನ್ನ ನಾಳೆ ಬಿಸಿ ಮಾಡಿ ಕುಡಿಸ್ಲಾ, ಹಾಗೇ ಕುಡಿಸ್ಲಾ?” ಎಂದರು.

ಈಗ ನನ್ನ ಬೇಡಿಕೆ. ತಮಗೆ ಅರ್ಜಿಯ ನಮೂನೆಯೇ ಪ್ರಿಯವಾದ್ದರಿಂದ ಅದರಲ್ಲೇ ಸಲ್ಲಿಸುತ್ತೇನೆ. ಕಳೆದುಹೋದ ವಸ್ತು: ಕೋಣೆ ಒಂದು. ಗುರುತು: ಬಾಗಿಲಿನ ಒಳಬದಿಯಲ್ಲಿ ನಾಲ್ಕು ತೂತುಗಳು. ಕೊನೆಯದಾಗಿ ಕಂಡದ್ದು: ತಾವು ರಿಬ್ಬನ್ ಕತ್ತರಿಸುವ ಮುಂಚೆ. ಪುರಾವೆ: ಆರೂಕಾಲು ಕಿಲೋ ತೂಕ, ಕೆಳಗಿನ ವಸಡಿನಲ್ಲಿ ಒಂದು ಹಲ್ಲಿನ ಸುಳಿವು, ನನ್ನನ್ನು ಕಂಡರೆ ಫಲಕದ ಭಯವಿಲ್ಲದೆ ನಗುತ್ತಾಳೆ. ಉಯ್ಯಾಲೆಯನ್ನು ಸಭಾಂಗಣಕ್ಕೆ ಸಾಗಿಸಿ, ಜಾಗ ಧಾರಾಳವಾಗಿದೆ. ಫ್ರಿಜ್ ಒಳಗೆ ಬರಲಿ. ಛತ್ರಿ ಮಾವನ ಮೇಜಿನ ಮೇಲಿನ ಆಟಕ್ಕೆ ತಮ್ಮ ಅನುಮತಿ ಬೇಡ. ಅದನ್ನು ನಿಷೇಧಿಸಿದ ಸುತ್ತೋಲೆ ಹಿಂದಕ್ಕೆ ಹೋದರೆ ಸಾಕು.

ಚಿಲಕಕ್ಕಾಗಿ ತಾವು ಖರೀದಿ ಸಮಿತಿ ರಚಿಸುವ ಅಗತ್ಯವಿಲ್ಲ. ಸೋಮವಾರ ಛತ್ರಿ ಮಾವ ನನ್ನ ಮುಖ ನೋಡಲಾರದೆ, “ಕಣ್ಣಿದ್ದೂ ಕುರುಡನಾದೆ ತಾಯೀ” ಎಂದು ಉಗ್ರಾಣದೊಳಕ್ಕೆ ಕರೆದೊಯ್ದರು. ಕಸದ ಡಬ್ಬಿಯಿಂದ ಅದನ್ನು ಎತ್ತಿಟ್ಟಿದ್ದರಂತೆ. ನಾಲ್ಕು ಸ್ಕ್ರೂಗಳೂ ಒಂದು ಬಟ್ಟೆಯ ತುಂಡಿನಲ್ಲಿವೆ. ಕೆಂಪು ಚೀಟಿ ಕಟ್ಟಿದ್ದಾರೆ. ಈ ಸಲ ಅವಸರವಿಲ್ಲದ, ದುಂಡನೆಯ ಅಕ್ಷರ: ‘ವಸ್ತು: ಚಿಲಕ. ಸಿಕ್ಕಿದ್ದು: ಕಸದಲ್ಲಿ. ವಾರಸುದಾರರು: ತಿಳಿದಿದೆ.’

ಚೀಟಿ ಬಿದ್ದ ವಸ್ತು ಸಹಿಯಿಲ್ಲದೆ ಹೊರಬರದು, ಮತ್ತು ಕೋಣೆ ಈಗ ತಮ್ಮ ಘಟಕದ ವಶದಲ್ಲಿರುವುದರಿಂದ ಆ ಸಹಿ ತಮ್ಮದು. ತೊಂಬತ್ತು ದಿನ ಕಪಾಟು ಕಾಯುತ್ತದೆ. ಹಾಲು ಅಷ್ಟು ದಿನ ಕಾಯುವುದಿಲ್ಲ.

ಇಂತಿ,
‘ಉಲ್ಲಾಸದಲ್ಲಿ ಸುಧಾರಣೆ ಅಗತ್ಯ’ವಿರುವ,
ಎರಡು ಮಳೆಕೋಟುಗಳ ಮರೆಯಿಂದ,
ಅತಿ ವಿಚಿತ್ರ ವಸ್ತುವಿನ ವಾರಸುದಾರಳು