ನನ್ನ ಡ್ಯಾನ್ಸ್ ಹಾಡು ಹೊರಬಂದ ದಿನ

ಡೊಂಬಿವಲಿ, ಶನಿವಾರ, ಜೂನ್ 14, 2025

ಅಪ್ಪನ ಮಾತು ತಲೆಯಿಂದ ಹೋಗುತ್ತಿಲ್ಲ.

ಕಾಲೇಜಿನಲ್ಲಿದ್ದಾಗ ಥಾಣೆಯ ಸ್ಟುಡಿಯೋದಲ್ಲಿ ನಾನು ಹಾಡಿದ್ದ ಡ್ಯಾನ್ಸ್ ಹಾಡನ್ನು, ಅದಕ್ಕೆ ಸಂಗೀತ ಮಾಡಿದ್ದ ಜಯೇಶ್ ಕೊನೆಗೂ ಯೂಟ್ಯೂಬಿಗೆ ಹಾಕಿದ್ದಾರೆ. ಸಂಜೆಯೊಳಗೆ ನಲವತ್ತು ಸಾವಿರ ಜನ ಕೇಳಿದ್ದಾರೆ.

“ಮಮ್ಮಿ, ಯೇ ಸಚ್ ಮೇ ತೂ ಹೈ?” ನಿಜಕ್ಕೂ ಇದು ನೀನೇನಾ ಎಂದು ಮಗಳು ಅಪೇಕ್ಷಾ ಅಪ್ಪನೆದುರೇ ಹಾಡನ್ನು ಫೋನಿನಲ್ಲಿ ಜೋರಾಗಿ ಹಾಕಿಬಿಟ್ಟಳು. ಬೈಯುತ್ತಾರೆಂದು ಫೋನ್ ಕಸಿಯಲು ಹೋದೆ. ಅಪ್ಪ ಕೊನೆಯವರೆಗೂ ತಲೆ ತಗ್ಗಿಸಿ ಕೇಳಿದರು.

“ಆಗ ಸ್ಟುಡಿಯೋದವರು ಬೇಡ ಅಂದದ್ದಲ್ಲ ಮಗಾ. ಹೊರಗೆ ತರಬೇಡಿ ಅಂತ ನಾನೇ ಹೇಳಿ ಕಳಿಸಿದ್ದು,” ಎಂದರು.

ಸ್ವರ ಸರಿಯಿಲ್ಲವೆಂದು ಅವರೇ ಕೈಬಿಟ್ಟರು ಎಂದಲ್ಲವೇ ಅಪ್ಪ ಅಂದು ಹೇಳಿದ್ದು? ಅದನ್ನು ನಂಬಿ ಇಪ್ಪತ್ತೆರಡು ವರ್ಷ ನಾನು ಅಡುಗೆಮನೆಯಲ್ಲೂ ಹಾಡಿಲ್ಲ.

ಎದ್ದು ಕೋಣೆಗೆ ಬಂದೆ. ಅಪ್ಪ ಇನ್ನೂ ಹಾಲ್‌ನಲ್ಲೇ ಕೂತಿದ್ದಾರೆ, ಮಲಗಿಲ್ಲ. ಹೋಗಿ ಏನೆಂದು ಹೇಳಲಿ?