ಆರು ರಾತ್ರಿಯ ಕತ್ತಲೆ ಕೋರಿ

ಕೌನ್ಸಿಲ್ಲಿನ ದೀಪದ ಅಧಿಕಾರಿಗಳೇ,

ದಕ್ಷಿಣದ ಆಕಾಶ ಅರ್ಧ ನನ್ನ ಹೆಸರಿಗೆ ಖಾತೆಯಾಗಿದೆ. ಉಳಿದರ್ಧ ನನ್ನ ಅನುಭವದಲ್ಲಿದೆ. ಆ ಆಸ್ತಿಯ ಮೇಲೆ ತಾವು ಅಕ್ಟೋಬರಿನಿಂದ ಹದಿನಾಲ್ಕು ಬಿಳಿ ದೀಪ ಹಚ್ಚಿ ಒತ್ತುವರಿ ಮಾಡಿದ್ದೀರಿ. ನಮ್ಮ ವಿಲ್ಗಾರಾದ ಫುಟ್‌ಬಾಲ್ ಮೈದಾನದ ದೀಪದ ಕಂಬಗಳು ನನ್ನ ಹಿತ್ತಲ ಬೇಲಿಯಿಂದ ಮೂವತ್ತು ಹೆಜ್ಜೆ. ಸಂಜೆ ಹೊತ್ತಿಕೊಂಡರೆ ಬೆಳಗಿನವರೆಗೆ ಆರುವುದಿಲ್ಲ. ಯಾರಿಗಾಗಿ? ಆಟದ ಋತು ಸೆಪ್ಟೆಂಬರಿನಲ್ಲೇ ಮುಗಿಯಿತು. ಚೆಂಡು ಕ್ಲಬ್ಬಿನ ಬೀರುವಿನಲ್ಲಿ ಗಾಳಿ ಇಳಿದು ಮಲಗಿದೆ. ಹಗಲ ಬಿಸಿಲಿಗೇ ಸುಟ್ಟ ಹುಲ್ಲನ್ನು ರಾತ್ರಿಯೂ ನೋಡಬೇಕೇ? ತಮ್ಮ ಯೋಜನೆಯ ಫಲಾನುಭವಿಗಳೆಂದರೆ ಮರದ ಮೇಲಿನ ಗಲಾ ಗಿಳಿಗಳು. ಬೆಳಗಾಯಿತೆಂದು ನಡುರಾತ್ರಿ ಎದ್ದು ಕೂಗುತ್ತವೆ, ಮೋಸ ತಿಳಿದ ಮೇಲೆ ಕೌನ್ಸಿಲ್ಲನ್ನು ಬೈಯುತ್ತವೆ. ಅವುಗಳ ಭಾಷೆ ನನಗೆ ಬರುತ್ತದೆ, ಈ ಪತ್ರ ಅಚ್ಚಾಗುವ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ನಾನು ಕ್ಲೆಮ್ ಪೆನ್‌ಹಾಲ್, ಎಪ್ಪತ್ತೊಂದು ವರ್ಷ, ಕುರಿಗಳ ಉಣ್ಣೆ ಕತ್ತರಿಸಿ ಸೊಂಟ ಕಳೆದುಕೊಂಡವನು. ಒಬ್ಬರೇ ಟೀಚರಿದ್ದ ಶಾಲೆಯಲ್ಲಿ ಏಳನೆಯವರೆಗೆ ಓದಿದೆ. ಅದರಲ್ಲೂ ಅರ್ಧ ಓದಿದ್ದು ಪಕ್ಕದ ಬೆಂಚಿನಲ್ಲಿದ್ದ ನನ್ನಕ್ಕ ಮೇವಿಸ್. ಹನ್ನೊಂದು ವರ್ಷಗಳಿಂದ ಹಿತ್ತಲಿನ ನೀರಿನ ಟ್ಯಾಂಕಿನ ಪಕ್ಕ ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟಿ ನೀಹಾರಿಕೆಗಳ ಚಿತ್ರ ತೆಗೆಯುತ್ತಿದ್ದೇನೆ. ಇದು ಮದುವೆ ಮನೆಯ ಫೋಟೋ ಅಲ್ಲ ಸ್ವಾಮಿ. ಒಂದೊಂದಕ್ಕೂ ಐದು ನಿಮಿಷ ಕ್ಯಾಮೆರಾದ ಕಣ್ಣು ತೆರೆದಿಡಬೇಕು. ಅಂಥ ನೂರಾರನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದಾಗ ಒಂದು ಚಿತ್ರ ಮೂಡುತ್ತದೆ. ಮೋಡವಿರಬಾರದು, ಚಂದ್ರನಿರಬಾರದು. ತಮ್ಮ ದೀಪವಂತೂ ಇರಲೇಬಾರದು.

ಮೇವಿಸಳಿಗೆ ಎರಡೂ ಕಣ್ಣಿನ ನಡುಭಾಗ ಸವೆದುಹೋಗಿದೆ. ನೇರ ನೋಡಿದರೆ ಬೂದು ಮಚ್ಚೆ; ಅಂಚಿನಲ್ಲಷ್ಟೇ ಜಗತ್ತು. ಅಂಗಡಿಯಲ್ಲಿ ಜನ ಅವಳ ಕೈ ಹಿಡಿದು, ಕಿವಿಯೂ ಹೋಗಿದೆಯೆಂಬಂತೆ ಕೂಗಿ ಮಾತಾಡುತ್ತಾರೆ. ಆದರೆ ದೂರದರ್ಶಕದೊಳಗಿನ ಮಸುಕನ್ನು ಯಾರೂ ನೇರ ನೋಡುವಂತಿಲ್ಲ. ದಿಟ್ಟಿಸಿದರೆ ಮಾಯವಾಗುತ್ತದೆ, ಬೇರೆಲ್ಲೋ ನೋಡುತ್ತ ಕಣ್ಣಂಚಿನಲ್ಲಿ ಹಿಡಿಯಬೇಕು. ಇದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ಹೋದ ಬೇಸಿಗೆಯಲ್ಲಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಟರಾಂಟುಲಾ ಎಂಬ ಜೇಡದಂಥ ನೀಹಾರಿಕೆಯ ಕಡೆ ಕೊಳವೆ ತಿರುಗಿಸಿದೆ.

“ಅಯ್ಯೋ, ಕಾಲೂ ಇದೆಯಲ್ಲೋ ಇದಕ್ಕೆ!”

“ಸುಳ್ಳು ಹೇಳ್ಬೇಡ ಮೇವಿಸ್. ಕಾಲು ನನಗೇ ನೆಟ್ಟಗೆ ಕಾಣಲ್ಲ.”

“ನಾಲ್ಕು... ಇಲ್ಲ ಕಣೋ, ಐದು. ಇಷ್ಟ್ ವರ್ಷ ಇಲ್ಲಿ ಕೂತು ಏನ್ ಕಡಿದೆ ನೀನು?”

ಊರೆಲ್ಲ ಕುರುಡಿ ಎಂದವಳು ನನ್ನ ಹಿತ್ತಲಲ್ಲಿ ನನ್ನನ್ನೇ ಸೋಲಿಸಿದಳು. ಆಮೇಲೆ ಕೇಳಿದಳು:

“ಬಣ್ಣ ಇದ್ಯಾ ಇದಕ್ಕೆ? ನಂಗೆ ಬೂದಿ ತರ ಕಾಣ್ತಿದೆ.”

“ಎಲ್ರಿಗೂ ಬೂದೀನೇ. ಬಣ್ಣ ಕ್ಯಾಮೆರಾಕ್ಕೆ ಮಾತ್ರ ಸಿಗೋದು. ಗುಲಾಬಿ.”

“ಹಾಗಾದ್ರೆ ಬಾಗಿಲಷ್ಟು ದೊಡ್ಡದ್ ಮಾಡಿ ನನ್ನ ಅಡುಗೆಮನೇಲಿ ಹಾಕು ಮಾರಾಯ. ಕಣ್ಣಂಚು ಉಳಿದಿರೋವಾಗ್ಲೇ.”

ಬಾಗಿಲಷ್ಟು ದೊಡ್ಡ ಚಿತ್ರಕ್ಕೆ ನಲವತ್ತು ಗಂಟೆಯ ಬೆಳಕು ಬೇಕು. ಆ ಬೇಸಿಗೆ ಮುಗಿಯುವುದರೊಳಗೆ ಹನ್ನೊಂದು ಗಂಟೆ ಕೂಡಿಸಿದೆ. ಉಳಿದದ್ದಕ್ಕೆ ನವೆಂಬರಿನಿಂದ ಮುಂದಿನ ಬೇಸಿಗೆ ಇದೆಯಲ್ಲ ಎಂದುಕೊಂಡೆ.

ಈಗ ನನ್ನ ದೂರಿಗೆ ತಾವು ಕೊಟ್ಟ ಉತ್ತರಕ್ಕೆ ಬರುತ್ತೇನೆ. “ಸಾರ್ವಜನಿಕ ಸಭೆಯಲ್ಲಿ ಸ್ಥಳೀಯ ಖಗೋಳ ತಜ್ಞರು ತಮ್ಮ ಆಕ್ಷೇಪಣೆ ಇಲ್ಲವೆಂದು ತಿಳಿಸಿರುತ್ತಾರೆ.” ಆ ತಜ್ಞ ಯಾರು? ನಾನೇ. ಒಂದು ಕಚೇರಿ ನನ್ನನ್ನು ತಜ್ಞನೆಂದು ಕರೆದದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ನನ್ನ ಕುತ್ತಿಗೆ ಕೊಯ್ಯುವುದಕ್ಕೆ. ಆಗಸ್ಟಿನ ಆ ಸಭೆಯಲ್ಲಿ ಮಾಂಸದಂಗಡಿಯ ಲೆಸ್ ಟ್ರೆಗೋವ್ ಕೆಣಕಿದ: “ಏನಪ್ಪಾ ಕ್ಲೆಮ್, ದೀಪ ಬಂದ್ರೆ ನಿನ್ ನಕ್ಷತ್ರದ ಅಂಗಡಿ ಬಾಗಿಲು ಹಾಕ್ದಂಗೇ ಅನ್ನು!” ಎದುರಿಗೆ ಅರ್ಧ ಊರು ಕೂತಿತ್ತು. ನಾನು ಸುಮ್ಮನಿರಬಹುದಿತ್ತು. ಎದ್ದು ನಿಂತೆ. “ನೂರು ದೀಪ ಹಾಕ್ಕೊಳ್ರಯ್ಯಾ! ನನ್ ಹತ್ರ ಇರೋ ಫಿಲ್ಟರು ಎಲ್ಲಾನೂ ನುಂಗಿ ನೀರು ಕುಡಿಯುತ್ತೆ!” ಚಪ್ಪಾಳೆ ಬಿತ್ತು. ತಮ್ಮ ಗುಮಾಸ್ತರು ಬರೆದುಕೊಂಡರು.

ಕ್ಯಾಮೆರಾದ ಮುಂದೆ ಕೂರಿಸುವ ಆ ಫಿಲ್ಟರು ಬೆಳಕು ನುಂಗುತ್ತಿದ್ದುದು ನಿಜ. ಆದರೆ ಅದು ಹಳೆಯ ಹಳದಿ ಬೀದಿದೀಪಗಳನ್ನು. ಹಳದಿಯದು ಒಂದೇ ಬಣ್ಣ, ತಡೆಯುವುದು ಸುಲಭ. ಬಿಳಿ ದೀಪದಲ್ಲಿ ಎಲ್ಲ ಬಣ್ಣವೂ ಇದೆ, ನೀಹಾರಿಕೆಯ ಗುಲಾಬಿಯೂ ಸೇರಿ. ಒಂದನ್ನು ತಡೆದರೆ ಇನ್ನೊಂದೂ ಹೋಗುತ್ತದೆ. ಬಿಳಿ ದೀಪವೆಂದು ತಾವು ಹೇಳಲಿಲ್ಲ, ಸರಿ, ನಾನಾದರೂ ಕೇಳಿದೆನೇ? ನವೆಂಬರಿನ ಅಮಾವಾಸ್ಯೆಗೆ ತೆಗೆದ ಚಿತ್ರಗಳು ಹಾಲು ಚೆಲ್ಲಿದಂತೆ ಬಂದವು. ಡಿಸೆಂಬರಿನವೂ ಹಾಗೆಯೇ. ಅದೇ ಡಿಸೆಂಬರಿನಲ್ಲಿ ಮೇವಿಸಳ ಬಲಗಣ್ಣಿನೊಳಗೆ ರಕ್ತನಾಳ ಒಡೆಯಿತು, ಅಂಚೂ ಹೋಯಿತು. ಎಡಗಣ್ಣು ಎಷ್ಟು ದಿನವೋ, ಅಡಿಲೇಡಿನ ಡಾಕ್ಟರೂ ಹೇಳಲಾರರು.

ಭಾನುವಾರ ಮಾಂಸ, ಆಲೂಗಡ್ಡೆ ತುಂಬಿದ ಪಾಸ್ಟಿ ಬೇಯಿಸಿ ಕರೆಯುತ್ತಾಳೆ. “ಎಲ್ಲಿಗ್ ಬಂತೋ ನನ್ನ ಜೇಡ?”

“ಕಂಪ್ಯೂಟರಲ್ಲಿ ಬೇಯ್ತಾ ಇದೆ.”

“ನನ್ ಪಾಸ್ಟಿ ಒಂದ್ ಗಂಟೇಲಿ ಬೇಯುತ್ತಪ್ಪ.”

ನಗುತ್ತಾಳೆ, ನಾನೂ ನಗುತ್ತೇನೆ. ದೀಪದ ವಿಷಯ ಅವಳಿಗೆ ಗೊತ್ತು. ಸಭೆಗೆ ಅವಳು ಬಂದಿರಲಿಲ್ಲ. ಅಲ್ಲಿ ನಾನಾಡಿದ್ದು ಗೊತ್ತಿಲ್ಲ. ಈ ಪತ್ರ ಅಚ್ಚಾದ ದಿನ ಯಾರಾದರೂ ಓದಿ ಹೇಳುತ್ತಾರೆ. ಎದುರಿಗೆ ಕೂತು ಹೇಳಲು ನನ್ನಿಂದ ಆಗಲಿಲ್ಲ.

ಆದ್ದರಿಂದ ನನ್ನ ಬೇಡಿಕೆ: ಮುಂದಿನ ಅಮಾವಾಸ್ಯೆಯ ಹಿಂದುಮುಂದಿನ ಆರು ರಾತ್ರಿ, ಹತ್ತು ಗಂಟೆಯ ನಂತರ, ಹದಿನಾಲ್ಕು ದೀಪಗಳನ್ನೂ ಆರಿಸಿ. ಸ್ವಿಚ್ಚಿನ ಪೆಟ್ಟಿಗೆ ಕ್ಲಬ್ಬಿನ ಹಿಂಗೋಡೆಯಲ್ಲಿದೆ, ಬೀಗ ತಮ್ಮದು. ನೋಡಿದ್ದೇನೆ, ಮುಟ್ಟಿಲ್ಲ. ಆಕ್ಷೇಪಣೆ ಇಲ್ಲವೆಂಬ ನನ್ನ ಮಾತನ್ನೂ ಕಡತದಿಂದ ಹೊಡೆದುಹಾಕಿ.

ಇನ್ನೊಂದು. ಬಾರಿನಲ್ಲಿ ಕೇಳಿದವರಿಗೆಲ್ಲ, ನಾಲ್ಕುನೂರು ಗಂಟೆಯ ಬೆಳಕು ಕಳೆದುಕೊಂಡೆ ಎಂದು ಹೇಳಿಕೊಂಡು ಬಂದಿದ್ದೇನೆ. ಲೆಸ್‌ಗೆ ಆರುನೂರು ಎಂದಿದ್ದೆ. ಎರಡೂ ಸುಳ್ಳು. ಕಳೆದುಕೊಂಡದ್ದು ಇಪ್ಪತ್ತೊಂಬತ್ತು ಗಂಟೆ.

ಇಂತಿ,
ಆ ದಿನ ಬಾಯಿ ಮುಚ್ಚಿಕೊಂಡು ಕೂರಬೇಕಾಗಿದ್ದ
ಕ್ಲೆಮ್ ಪೆನ್‌ಹಾಲ್